ಖಾಲಿ ಬಿಟ್ಟ ಕಾಲಂಗಳ ಲೆಕ್ಕ: ಹಾಸನದ ಸಾವುಗಳು, ಲಸಿಕೆ ಮತ್ತು ಯಾರೂ ಕೇಳದ ಪ್ರಶ್ನೆ

ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಅವರಿಗೆ ನಲವತ್ತನಾಲ್ಕು ವರ್ಷ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಬಂದು, ಎದೆ ಹಿಡಿದಂಗೆ ಆಗ್ತಿದೆ ಅಂತ ಜಗಲಿ ಮೇಲೆ ಕೂತರು. ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗೋ ದಾರಿಯಲ್ಲೇ ಎಲ್ಲ ಮುಗಿದಿತ್ತು. ಪೋಸ್ಟ್‌ಮಾರ್ಟಂ ಮಾಡಿಸಲಿಲ್ಲ. ಹೋದ ಜೀವ ಹೋಯ್ತು, ದೇಹ ಯಾಕೆ ಕುಯ್ಯಿಸ್ತೀರಿ ಅಂತ ಅಜ್ಜಿ ಅಂದರು. ಎಲ್ಲರೂ ಸುಮ್ಮನಾದರು, ನಾನೂ ಸುಮ್ಮನಾದೆ.

ತಿಥಿ ಕಳೆದು ಕೆಲವು ವಾರಕ್ಕೆ ಯಾವುದೋ ಸರ್ವೆ ಅಂತ ಇಬ್ಬರು ಹುಡುಗಿಯರು ಮನೆಗೆ ಬಂದರು. ಕೈಯಲ್ಲಿ ಟ್ಯಾಬ್. ಸಕ್ಕರೆ ಕಾಯಿಲೆ ಇತ್ತಾ ಅಂತ ಕೇಳಿದರು. 'ಗೊತ್ತಿಲ್ಲಮ್ಮ, ಯಾವತ್ತೂ ಚೆಕ್ ಮಾಡ್ಸಿರಲಿಲ್ಲ' ಅಂದರು ಚಿಕ್ಕಮ್ಮ. ಟ್ಯಾಬಿನಲ್ಲಿ 'ಹೌದು', 'ಇಲ್ಲ' ಅಂತ ಎರಡೇ ಬಟನ್ ಇದ್ದವು. ಹುಡುಗಿ ಒಂದು ಕ್ಷಣ ಯೋಚಿಸಿ 'ಇಲ್ಲ' ಒತ್ತಿದಳು. ಲಸಿಕೆ? 'ಎರಡು ಹಾಕಿಸ್ಕೊಂಡಿದ್ರು ಅನ್ಸುತ್ತೆ.' ಕುಡಿಯೋ ಅಭ್ಯಾಸ? ಚಿಕ್ಕಮ್ಮ ಒಮ್ಮೆ ನಡುಮನೆ ಬಾಗಿಲ ಕಡೆ ನೋಡಿದರು. ಅಲ್ಲಿ ಅಜ್ಜಿ ಕೂತಿದ್ದರು. 'ಇಲ್ಲ' ಅಂದರು.

ಸಾಯುವ ಎರಡು ರಾತ್ರಿ ಮೊದಲು ನೆಂಟರ ಮನೆ ನಾಮಕರಣದಲ್ಲಿ ಚಿಕ್ಕಪ್ಪ ಚೆನ್ನಾಗಿಯೇ ಕುಡಿದಿದ್ದರು. ಅವತ್ತು ಅವರನ್ನು ಬೈಕಿನಲ್ಲಿ ಮನೆಗೆ ತಂದು ಬಿಟ್ಟವನೇ ನಾನು.

ಹಾಸನದ ಸುದ್ದಿ ಬಂದಾಗಲೆಲ್ಲ ನನಗೆ ಆ ಟ್ಯಾಬ್ ನೆನಪಾಗುತ್ತೆ. (ಚಿಕ್ಕಪ್ಪನ ಸಾವು ಆ ಪಟ್ಟಿಗೆ ಸೇರಿದ್ದಲ್ಲ, ಅದಕ್ಕಿಂತ ಮೊದಲಿನದು.) 2025ರ ಮೇ ಕೊನೆಯಿಂದ ಜೂನ್ ಪೂರ್ತಿ ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೃದಯಾಘಾತಕ್ಕೆ ಬಲಿಯಾಗುತ್ತಿದ್ದಾರೆ ಅನ್ನೋ ಸುದ್ದಿ ರಾಜ್ಯವನ್ನೇ ಹೆದರಿಸಿತ್ತು. ಟಿವಿಯಲ್ಲಿ ದಿನಕ್ಕೊಂದು ಲೆಕ್ಕ. ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಅದಕ್ಕೂ ಮೊದಲು, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗಿನಿಂದಲೇ ಕನ್ನಡದ ಮನೆಗಳಲ್ಲಿ ಈ ಭಯ ಕೂತಿತ್ತು. ಹಾಸನ ಅದಕ್ಕೆ ಒಂದು ಭೂಪಟ ಕೊಟ್ಟಿತು.

ಜುಲೈ 1ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಾಮಾಜಿಕ ಜಾಲತಾಣದಲ್ಲಿ ಬರೆದರು. ಕೋವಿಡ್ ಲಸಿಕೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟು ಹಂಚಿದ್ದೂ ಈ ಸಾವುಗಳಿಗೆ ಕಾರಣ ಇರಬಹುದು, ಅದನ್ನು ತಳ್ಳಿಹಾಕುವಂತಿಲ್ಲ ಅನ್ನೋದು ಅವರ ಮಾತಿನ ಸಾರ. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ ತಿರುಗಿ ಉತ್ತರ ಕೊಟ್ಟಿತು: ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳು ನಡೆದಿವೆ, ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಇಲ್ಲ. ಅಲ್ಲಿಂದ ಮುಂದೆ ಗೊತ್ತಲ್ಲ, ಎರಡು ಪಕ್ಷ, ಎರಡು ಪಾಳಯ, ಎರಡೂ ಕಡೆ 'ಅಧ್ಯಯನ ಹೇಳಿದೆ'.

ಆ ಅಧ್ಯಯನಗಳಲ್ಲಿ ಎಷ್ಟು ಕಾಲಂ ಖಾಲಿ ಇದ್ದವು, ಅವನ್ನು ಏನು ಮಾಡಿದಿರಿ ಅಂತ ಯಾರೂ ಯಾರನ್ನೂ ಕೇಳಲಿಲ್ಲ. ಕೇಳೋಕೆ ಬೋರಿಂಗ್ ಪ್ರಶ್ನೆ, ಒಪ್ಕೋತೀನಿ. ಆದರೆ ಒಂದು ಲಸಿಕೆ ಜೀವ ಉಳಿಸಿತಾ ತೆಗೀತಾ, ಒಂದು ಮಾತ್ರೆ ಕೆಲಸ ಮಾಡಿತಾ ಇಲ್ವಾ ಅನ್ನೋ ಉತ್ತರವನ್ನೇ ತಲೆಕೆಳಗು ಮಾಡೋ ಶಕ್ತಿ ಆ ಖಾಲಿ ಕಾಲಂಗಳಿಗಿದೆ.

ಔಷಧಿಯೊಂದು ಕೆಲಸ ಮಾಡುತ್ತಾ ಅಂತ ನೋಡೋಕೆ ಒಳ್ಳೆಯ ದಾರಿ ಅಂದರೆ ನಾಣ್ಯ ಚಿಮ್ಮಿ ಅರ್ಧ ಜನಕ್ಕೆ ಔಷಧಿ, ಇನ್ನರ್ಧಕ್ಕೆ ಉಪ್ಪುನೀರು ಕೊಟ್ಟು ಕಾಯೋದು. ಆದರೆ ಎಲ್ಲ ಪ್ರಶ್ನೆಗೂ ಆ ದಾರಿ ತೆರೆದಿರಲ್ಲ. ದೇಶದಲ್ಲಿ 220 ಕೋಟಿಗೂ ಹೆಚ್ಚು ಡೋಸ್ ಹಾಕಿ ಆದಮೇಲೆ ಈಗ ನಾಣ್ಯ ಚಿಮ್ಮಲು ಆಗಲ್ಲ. ಆಗಿಹೋದದ್ದನ್ನೇ ಹಿಂತಿರುಗಿ ನೋಡಬೇಕು: ಯಾರು ಹಾಕಿಸಿಕೊಂಡರು, ಯಾರು ಹಾಕಿಸಿಕೊಳ್ಳಲಿಲ್ಲ, ಯಾರು ಸತ್ತರು. ಇದನ್ನು ಅವಲೋಕನ ಅಧ್ಯಯನ ಅಂತಾರೆ. ಇದರಲ್ಲಿ ಎರಡು ಗುಂಪು ಒಂದೇ ಥರ ಇರಲ್ಲ, ಹಾಗಾಗಿ ವಯಸ್ಸು, ಸಕ್ಕರೆ, ಬಿಪಿ, ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ತಗೊಂಡು ಸರಿದೂಗಿಸಬೇಕು. ಸರಿದೂಗಿಸಬೇಕು ಅಂದರೆ ಆ ಮಾಹಿತಿ ಇರಬೇಕು. ಇಲ್ಲದಿದ್ದರೆ?

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಆಸ್ಪತ್ರೆಗೆ ಹೃದಯಾಘಾತ ಆದ 200 ಜನ ಬಂದರು ಅಂದುಕೊಳ್ಳಿ. 100 ಜನಕ್ಕೆ ಹೊಸ ಔಷಧಿ ಕೊಟ್ಟರು, ಅವರಲ್ಲಿ 10 ಜನ ಸತ್ತರು. ಕೊಡದ 100ರಲ್ಲಿ 20 ಜನ ಸತ್ತರು. ಔಷಧಿ ಸಾವನ್ನು ಅರ್ಧಕ್ಕಿಳಿಸಿದ ಹಾಗೆ ಕಾಣುತ್ತೆ. ಆದರೆ ಮೂತ್ರಪಿಂಡ ಹೇಗಿದೆ ಅನ್ನೋದೂ ಮುಖ್ಯ, ಅದಕ್ಕೆ ರಕ್ತದ ಕ್ರಿಯಾಟಿನಿನ್ ಅಂಶವನ್ನೂ ಲೆಕ್ಕಕ್ಕೆ ಸೇರಿಸ್ತೀರಿ. ತೊಡಕು ಇಲ್ಲೇ ಇದೆ. ಔಷಧಿ ಸಿಗದ ಗುಂಪಿನಲ್ಲಿ 15 ಜನ ರಕ್ತ ತೆಗೆಯೋ ಮೊದಲೇ ಸತ್ತುಹೋಗಿದ್ದರು. ಅವರ ಕಾಲಂ ಖಾಲಿ. ಸಾಮಾನ್ಯವಾಗಿ ಬಳಸೋ ಬಹುತೇಕ ಸಾಫ್ಟ್‌ವೇರ್‌ಗಳು ಖಾಲಿ ಕಾಲಂ ಇರೋ ಸಾಲನ್ನು ನಿಮಗೆ ಹೇಳದೇನೇ ಬಿಟ್ಟುಬಿಡುತ್ತವೆ. ಈಗ ಔಷಧಿ ಸಿಗದವರ ಗುಂಪಿನಲ್ಲಿ ಉಳಿದವರು 85, ಸತ್ತವರು 5. ಅಂದರೆ ನೂರಕ್ಕೆ ಸುಮಾರು 6. ಔಷಧಿ ತಗೊಂಡವರಲ್ಲಿ ನೂರಕ್ಕೆ 10. ಜೀವ ಉಳಿಸಿದ ಔಷಧಿ ಈಗ ಕೊಲೆಗಾರ!

ಇನ್ನೂ ಒಂದು ಮಾತಿದೆ. ಆ 15 ಜನ ರಕ್ತ ಪರೀಕ್ಷೆವರೆಗೂ ಉಳಿಯಲಿಲ್ಲ ಅಂದಮೇಲೆ ಔಷಧಿ ಕೊಡೋಕಾದರೂ ಸಮಯ ಎಲ್ಲಿತ್ತು? ಹಾಗಾಗಿ ಮೊದಲಿನ 'ಅರ್ಧಕ್ಕಿಳಿಸಿತು' ಅನ್ನೋ ಲೆಕ್ಕವೂ ನಂಬಿಕೆಗೆ ಅರ್ಹ ಅಲ್ಲ. ಎರಡೂ ಸುಳ್ಳು. ನಿಜ ಎಲ್ಲೋ ಬೇರೆ ಕಡೆ ಇದೆ, ಮತ್ತು ಅದು ಆ ಎಕ್ಸೆಲ್ ಶೀಟಿನೊಳಗೆ ಸಿಗಲ್ಲ. ಅದನ್ನು ಹುಡುಕೋಕೆ ಆ ದಿನ ವಾರ್ಡಿನಲ್ಲಿ ಏನು ನಡೀತು ಅಂತ ಗೊತ್ತಿರೋ ನರ್ಸನ್ನು ಕೇಳಬೇಕು.

ಈ ಬುದ್ಧಿ ನನಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬರಲಿಲ್ಲ. ಪತ್ರಿಕೋದ್ಯಮಕ್ಕೆ ಬರೋ ಮೊದಲು ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ವರ್ಷ ಡೇಟಾ ಕೆಲಸ ಮಾಡಿದ್ದೆ. ಒಂದು ವಿದೇಶಿ ಆಸ್ಪತ್ರೆಯ ದಾಖಲೆಗಳು ಬಂದಿದ್ದವು. ಬಿಪಿ ಕಾಲಂನಲ್ಲಿ ತುಂಬಾ ಖಾಲಿ. ನಾನು ಒಂದೇ ಒಂದು ಸಾಲು ಕೋಡ್ ಬರೆದು ಎಲ್ಲ ಖಾಲಿಗೂ ಸರಾಸರಿ ತುಂಬಿದೆ, ಕಾಫಿಗೆ ಹೋದೆ. ಒಂದು ವಾರ ಆದಮೇಲೆ ಜೊತೆಯಲ್ಲಿದ್ದ ಹುಡುಗಿಯೊಬ್ಬಳು ತೋರಿಸಿದಳು: ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟು ಬಂದವರಿಗೆಲ್ಲ ನಮ್ಮ ಟೇಬಲ್‌ನಲ್ಲಿ ಬಿಪಿ ನಾರ್ಮಲ್! ಬಿಪಿ ನೋಡೋಕೆ ಸಮಯವೇ ಇರಲಿಲ್ಲ ಅನ್ನೋ ಕಾರಣಕ್ಕೆ ಖಾಲಿ ಬಿಟ್ಟಿದ್ದ ಜಾಗಕ್ಕೆ ನಾನು ಆರೋಗ್ಯ ತುಂಬಿದ್ದೆ. ನಮ್ಮ ಮಾಡೆಲ್ ಅದರಿಂದ ಏನು ಕಲಿತಿರುತ್ತೆ ಅಂತ ನೀವೇ ಊಹಿಸಿ.

ನಾನು ಮಾಡಿದ್ದನ್ನೇ ದೊಡ್ಡವರೂ ಮಾಡಿದ್ದಾರೆ ಅನ್ನೋದು ಆಮೇಲೆ ಗೊತ್ತಾಯ್ತು.

2020ರ ಮೇ 22ರಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಕ್ಲೋರೋಕ್ವಿನ್ ತಗೊಂಡ ಕೋವಿಡ್ ರೋಗಿಗಳು ಹೆಚ್ಚು ಸಾಯ್ತಿದ್ದಾರೆ ಅನ್ನೋದು ಅದರ ತೀರ್ಮಾನ. ಆರು ಖಂಡ, 671 ಆಸ್ಪತ್ರೆ, 96,032 ರೋಗಿಗಳು. ದತ್ತಾಂಶ ಕೊಟ್ಟದ್ದು ಸರ್ಜಿಸ್ಫಿಯರ್ ಅನ್ನೋ ಅಮೆರಿಕದ ಒಂದು ಸಣ್ಣ ಕಂಪನಿ. ಮೂರೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದಲ್ಲಿ ಆ ಔಷಧಿಯ ಭಾಗವನ್ನು ತಡೆಹಿಡಿಯಿತು. ಆಮೇಲೆ ಸಂಶೋಧಕರು ಒಂದೊಂದಾಗಿ ಕೆದಕಿದರು. ಆಸ್ಟ್ರೇಲಿಯಾದಲ್ಲಿ ಇಡೀ ದೇಶದ ಅಧಿಕೃತ ಲೆಕ್ಕಕ್ಕಿಂತ ಹೆಚ್ಚು ಸಾವು ಆ ಪ್ರಬಂಧದಲ್ಲಿದ್ದವು. ಮೂಲ ದತ್ತಾಂಶ ತೋರಿಸಿ ಅಂದರೆ ಕಂಪನಿ ತೋರಿಸಲಿಲ್ಲ. ಜೂನ್ 4ಕ್ಕೆ ಪ್ರಬಂಧ ವಾಪಸ್.

ಈ ಕಥೆ ಹಲವರಿಗೆ ಗೊತ್ತು. ಆದರೆ ಆ ಪ್ರಬಂಧದ ವಿಧಾನದ ಭಾಗದಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ವಾಕ್ಯ ಇತ್ತು. ಅದರ ಅರ್ಥ ಇಷ್ಟು: ರೋಗಿಯ ದಾಖಲೆಯಲ್ಲಿ ಒಂದು ಕಾಯಿಲೆಯ ಬಗ್ಗೆ ಮಾಹಿತಿ ಇಲ್ಲದಿದ್ದರೆ ಆ ಕಾಯಿಲೆಯೇ ಇಲ್ಲ ಅಂತ ಭಾವಿಸಿದ್ದೇವೆ. ಮಾಹಿತಿ ಬಿಟ್ಟುಹೋಗಿದೆ ಅಂತ ಸೂಚಿಸೋ ಕೋಡ್ ದಾಖಲೆಯಲ್ಲಿ ಇರಲಿಲ್ಲ, ಅದಕ್ಕೆ ಖಾಲಿ ತುಂಬೋ ಪದ್ಧತಿ ಬಳಸೋಕೆ ಆಗಲಿಲ್ಲ ಅಂತಲೂ ಅದೇ ಜಾಗದಲ್ಲಿ ಹೇಳಿದ್ದರು. ಥೇಟ್ ನಮ್ಮ ಮನೆ ಜಗಲಿಯ ಟ್ಯಾಬ್. ದತ್ತಾಂಶವೇ ಕಟ್ಟುಕಥೆಯೋ ಅಲ್ಲವೋ ಅನ್ನೋ ಪ್ರಶ್ನೆ ಆಮೇಲೆ ಬರಲಿ, ಈ ಒಂದು ವಾಕ್ಯವೇ ಪ್ರಬಂಧವನ್ನು ಬಾಗಿಲಲ್ಲೇ ನಿಲ್ಲಿಸಬೇಕಿತ್ತು ಅಂತ ನನ್ನ ಅಭಿಪ್ರಾಯ. ಆರು ಖಂಡದ ಆಸ್ಪತ್ರೆಗಳಲ್ಲಿ, ಕೋವಿಡ್ ಮೊದಲ ಅಲೆಯ ನಡುವೆ, ಆಮ್ಲಜನಕಕ್ಕೆ ಪರದಾಡುತ್ತಿದ್ದ ವಾರ್ಡಿನಲ್ಲಿ ಕೂತು ಯಾರು ಸಿಗರೇಟಿನ ಅಭ್ಯಾಸ ಬರೆದುಕೊಳ್ತಾರೆ? ತುಂಬಾ ಸೀರಿಯಸ್ ಆಗಿ ಬಂದವರ ಹಳೇ ಕಾಯಿಲೆ ಕೇಳೋಕೂ ಸಮಯ ಇರಲ್ಲ. ಅವರೆಲ್ಲ ಲೆಕ್ಕದಲ್ಲಿ 'ಕಾಯಿಲೆ ಇಲ್ಲದೆ ಸತ್ತವರು' ಆಗ್ತಾರೆ. ಆಗ ಸಾವಿನ ಹೊಣೆ ಕೊಟ್ಟ ಔಷಧಿ ಮೇಲೆ ಬೀಳುತ್ತೆ. (ಹೈಡ್ರಾಕ್ಸಿಕ್ಲೋರೋಕ್ವಿನ್ ಉಪಯೋಗ ಇಲ್ಲ ಅನ್ನೋದು ಕೊನೆಗೆ ಸಾಬೀತಾಗಿದ್ದು ಬ್ರಿಟನ್ನಿನ 'ರಿಕವರಿ' ಪ್ರಯೋಗದಲ್ಲಿ, ನಾಣ್ಯ ಚಿಮ್ಮಿಯೇ.)

ಸರ್ಜಿಸ್ಫಿಯರ್ ಅನ್ನು ಮೋಸ ಅಂತ ಬದಿಗಿಡಬಹುದು. ಪ್ರಾಮಾಣಿಕರೂ ಎಡವಿದ ಕಥೆ ನನಗೆ ಅದಕ್ಕಿಂತ ಮುಖ್ಯ.

2007ರಲ್ಲಿ ಬ್ರಿಟನ್ನಿನಲ್ಲಿ 'ಕ್ಯೂರಿಸ್ಕ್' ಅನ್ನೋ ಲೆಕ್ಕ ಬಂತು. ನಾಟಿಂಗ್‌ಹ್ಯಾಮ್‌ನ ಜೂಲಿಯಾ ಹಿಪ್ಪಿಸ್ಲಿ-ಕಾಕ್ಸ್ ಮತ್ತು ಜೊತೆಗಾರರು ಕುಟುಂಬ ವೈದ್ಯರ ಕ್ಲಿನಿಕ್‌ಗಳ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರ ದಾಖಲೆಯಿಂದ ಕಟ್ಟಿದ್ದು. ಒಬ್ಬರಿಗೆ ಮುಂದಿನ ಹತ್ತು ವರ್ಷದಲ್ಲಿ ಹೃದಯದ ತೊಂದರೆ ಬರೋ ಸಾಧ್ಯತೆ ಎಷ್ಟು ಅಂತ ಅದು ಹೇಳುತ್ತೆ. ಬರೀ ಭವಿಷ್ಯ ಹೇಳೋ ಲೆಕ್ಕ ಅಲ್ಲ ಅದು. ಆಗ ಅಲ್ಲಿನ ಮಾರ್ಗಸೂಚಿ ಪ್ರಕಾರ ಸಾಧ್ಯತೆ ಶೇ. 20 ದಾಟಿದರೆ ಸ್ಟ್ಯಾಟಿನ್ ಮಾತ್ರೆ. ಅಂದರೆ ಯಾರಿಗೆ ಚಿಕಿತ್ಸೆ, ಯಾರಿಗೆ ಇಲ್ಲ ಅಂತ ತೀರ್ಮಾನ ಮಾಡೋ ಲೆಕ್ಕ.

ಪ್ರಬಂಧ ಬಿಎಂಜೆಯಲ್ಲಿ ಅಚ್ಚಾಯ್ತು. ಅದರ ಒಂದು ಸಾಲು ಓದಿದವರು ಕಣ್ಣುಜ್ಜಿಕೊಂಡರು. ಕೊಲೆಸ್ಟ್ರಾಲ್ ಅನುಪಾತಕ್ಕೂ ಹೃದಯದ ಕಾಯಿಲೆಗೂ ಸಂಬಂಧವೇ ಇಲ್ಲ ಅಂತ ಫಲಿತಾಂಶ ಬಂದಿತ್ತು! ಅರ್ಧ ಶತಮಾನದ ಹೃದಯ ವಿಜ್ಞಾನಕ್ಕೆ ವಿರುದ್ಧವಾದ ಮಾತು. ಆಕ್ಸ್‌ಫರ್ಡ್‌ನ ರಿಚರ್ಡ್ ಪೀಟೊ ಬಿಎಂಜೆಗೆ ಬರೆದು, ಇದು ಸಂಶಯ ಹುಟ್ಟಿಸುತ್ತಿದೆ, ಕೊಲೆಸ್ಟ್ರಾಲ್ ಮುಖ್ಯ ಆಗಲೇಬೇಕು ಅಂದರು.

ಏನಾಗಿತ್ತು? ಸುಮಾರು ಹತ್ತರಲ್ಲಿ ಏಳು ಜನರ ಕೊಲೆಸ್ಟ್ರಾಲ್ ಅನುಪಾತ ದಾಖಲೆಯಲ್ಲೇ ಇರಲಿಲ್ಲ. ಸಹಜ. ಆರೋಗ್ಯವಾಗಿ ಓಡಾಡೋ ಮೂವತ್ತೈದರ ಗಂಡಸಿಗೆ ಯಾವ ಡಾಕ್ಟರ್ ಕೊಲೆಸ್ಟ್ರಾಲ್ ಟೆಸ್ಟ್ ಬರೀತಾರೆ? ಬೊಜ್ಜು ಇದ್ದವರಿಗೆ, ಅಪ್ಪನಿಗೆ ಹೃದಯಾಘಾತ ಆಗಿದ್ದವರಿಗೆ ಬರೀತಾರೆ. ಸಂಶೋಧಕರು ಆ ಸಾಲುಗಳನ್ನು ಎಸೆಯಲಿಲ್ಲ, ನನ್ನ ಹಾಗೆ ಸರಾಸರಿಯನ್ನೂ ತುಂಬಲಿಲ್ಲ. 'ಮಲ್ಟಿಪಲ್ ಇಂಪ್ಯುಟೇಶನ್' ಅನ್ನೋ ಉತ್ತಮ ಪದ್ಧತಿ ಬಳಸಿದರು. ಅದು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ ಕೊಟ್ಟದ್ದು. ಒಬ್ಬರ ಬಗ್ಗೆ ಗೊತ್ತಿರೋ ಎಲ್ಲದರಿಂದ ಗೊತ್ತಿಲ್ಲದ್ದನ್ನು ಊಹಿಸು. ಆದರೆ ಒಂದೇ ಸಲ ಊಹಿಸಿ ಅದೇ ಸತ್ಯ ಅಂದುಕೊಳ್ಳಬೇಡ. ಹಲವು ಸಲ ಊಹಿಸು, ಪ್ರತಿ ಸಲ ಲೆಕ್ಕ ಮಾಡು, ಉತ್ತರಗಳು ಎಷ್ಟು ಅಲ್ಲಾಡುತ್ತವೆ ಅಂತ ನೋಡು. ಆ ಅಲ್ಲಾಟವೇ ನಿನ್ನ ಅಜ್ಞಾನದ ಅಳತೆ.

ಪದ್ಧತಿ ಒಳ್ಳೆಯದೇ, ಆದರೆ ತುಂಬಿದ ರೀತಿಯಲ್ಲಿ ಎಡವಟ್ಟಾಗಿತ್ತು. ಅನುಪಾತ ಅಂದರೆ ಒಂದನ್ನು ಇನ್ನೊಂದರಿಂದ ಭಾಗಿಸಿದ್ದು. ಊಹಿಸಿದ ಕೆಳಗಿನ ಸಂಖ್ಯೆ ಸೊನ್ನೆ ಹತ್ತಿರ ಬಂದುಬಿಟ್ಟರೆ ಅನುಪಾತ ಆಕಾಶಕ್ಕೆ ಹಾರುತ್ತೆ, ಅಂಥ ನಾಲ್ಕು ಹುಚ್ಚು ಸಂಖ್ಯೆ ಸಾಕು ಇಡೀ ಸಂಬಂಧ ಅಳಿಸಿಹೋಗೋಕೆ. ಇದು ಸಂಖ್ಯಾಶಾಸ್ತ್ರಜ್ಞರು ಆಮೇಲೆ ಕೊಟ್ಟ ಒಂದು ವಿವರಣೆ. ಕ್ಯೂರಿಸ್ಕ್ ತಂಡ ತಪ್ಪನ್ನು ಮುಚ್ಚಿಡಲಿಲ್ಲ. ದಾಖಲೆ ಪೂರ್ತಿ ಇರೋವರನ್ನು ಮಾತ್ರ ತಗೊಂಡು ನೋಡಿದರೆ ಸಂಬಂಧ ಸ್ಪಷ್ಟವಾಗಿದೆ ಅಂತ ಹೇಳಿದರು. ಖಾಲಿ ತುಂಬೋ ವಿಧಾನವನ್ನು ಸರಿಪಡಿಸಿದಾಗಲೂ ಕೊಲೆಸ್ಟ್ರಾಲ್ ತನ್ನ ಜಾಗಕ್ಕೆ ವಾಪಸ್ ಬಂತು. ಎರಡು ವರ್ಷದ ನಂತರ, 2009ರಲ್ಲಿ, ಜೊನಾಥನ್ ಸ್ಟರ್ನ್ ಮತ್ತಿತರರು ಬಿಎಂಜೆಯಲ್ಲೇ ಈ ಪದ್ಧತಿಯ ಗುಂಡಿಗಳ ಬಗ್ಗೆ ಬರೆದಾಗ ಕ್ಯೂರಿಸ್ಕ್ ಕಥೆಯಿಂದಲೇ ಪಾಠ ಹೇಳಿದರು. ಅವರು ತೋರಿಸಿದ ಒಂದು ಗುಂಡಿ ನನಗೆ ಇವತ್ತಿಗೂ ಆಶ್ಚರ್ಯ. ಯಾರಿಗೋ ಬಿಪಿ ಮಾಹಿತಿ ಇಲ್ಲ, ಊಹಿಸಬೇಕು. ಅವರಿಗೆ ಆಮೇಲೆ ಹೃದಯಾಘಾತ ಆಯ್ತಾ ಇಲ್ವಾ ಅನ್ನೋದನ್ನು ಊಹೆಗೆ ಬಳಸಬೇಕಾ? ನನ್ನಂಥ ಇಂಜಿನಿಯರ್ ಬುದ್ಧಿ 'ಛೆ, ಅದು ಕಾಪಿ ಹೊಡೆದಂಗೆ' ಅನ್ನುತ್ತೆ. ತಪ್ಪು, ಬಳಸಲೇಬೇಕು. ಹೃದಯಾಘಾತ ಆದವರ ಬಿಪಿ ಸರಾಸರಿಗಿಂತ ಹೆಚ್ಚೇ ಇದ್ದಿರುತ್ತೆ. ಅದನ್ನು ಮರೆತು ತುಂಬಿದರೆ ಬಿಪಿಗೂ ಹೃದಯಕ್ಕೂ ಇರೋ ನಂಟನ್ನು ನಾವೇ ಕೈಯಾರೆ ಸಡಿಲ ಮಾಡಿದಂತೆ.

ಪೀಟೊ ಯಾಕೆ ಹಿಡಿದರು? ಕೊಲೆಸ್ಟ್ರಾಲ್ ಬಗ್ಗೆ ಜಗತ್ತಿಗೆ ಮೊದಲೇ ಉತ್ತರ ಗೊತ್ತಿತ್ತು. ಗೊತ್ತಿಲ್ಲದ ವಿಷಯವಾಗಿದ್ದರೆ, ಹೊಸ ಲಸಿಕೆಯಾಗಿದ್ದರೆ, ಆ ಉತ್ತರವೇ ಸತ್ಯ ಆಗಿ ಪಠ್ಯಪುಸ್ತಕಕ್ಕೆ ಹೋಗಿರುತ್ತಿತ್ತೇನೋ.

ಈಗ ನಮ್ಮ ಜಗಳಕ್ಕೆ ಬರೋಣ. ಕೇಂದ್ರ ಸರ್ಕಾರ ಮುಂದಿಟ್ಟ ಐಸಿಎಂಆರ್ ಅಧ್ಯಯನ 2023ರಲ್ಲಿ ಪ್ರಕಟವಾದದ್ದು. ದೇಶದ 47 ದೊಡ್ಡ ಆಸ್ಪತ್ರೆಗಳ ಮೂಲಕ ನಡೆದದ್ದು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ ಹಠಾತ್ತಾಗಿ, ಕಾರಣ ತಿಳಿಯದೆ ಸತ್ತ 18ರಿಂದ 45 ವಯಸ್ಸಿನ 729 ಜನ. ಒಬ್ಬೊಬ್ಬರಿಗೆ ಅದೇ ವಯಸ್ಸಿನ, ಅದೇ ಲಿಂಗದ, ಅದೇ ಪ್ರದೇಶದ ನಾಲ್ವರಂತೆ ಬದುಕಿರೋ 2,916 ಜನ. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಹಠಾತ್ ಸಾವಿನ ಸಂಭವ ಸುಮಾರು ಅರ್ಧ (0.51, ಅಂತರ 0.28ರಿಂದ 0.91). ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆಯಲ್ಲಿ ಹಠಾತ್ ಸಾವಿನ ಇತಿಹಾಸ ಇದ್ದವರಲ್ಲಿ ಸಂಭವ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಸಾವಿಗೆ ಮುಂಚಿನ 48 ಗಂಟೆಯಲ್ಲಿ ವಿಪರೀತ ಕುಡಿದದ್ದಕ್ಕೆ: 5.29.

48 ಗಂಟೆ. ನಾಮಕರಣದ ರಾತ್ರಿ.

ಬದುಕಿರೋರ ಬಗ್ಗೆ ಅವರನ್ನೇ ಕೇಳಬಹುದು. ಸತ್ತವರ ಬಗ್ಗೆ ಮನೆಯವರನ್ನು ಕೇಳಬೇಕು, ಇಲ್ಲಾ ದಾಖಲೆ ತೆಗೀಬೇಕು. ಸತ್ತವರ ಹೆಂಡತಿ, ಅಮ್ಮ, ಪಕ್ಕದ ಮನೆಯವರು ಏನು ಹೇಳ್ತಾರೆ, ಏನು ಬಿಡ್ತಾರೆ? 1976ರಲ್ಲಿ ರೂಬಿನ್ ಮಾಡಿಕೊಟ್ಟ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತೆ. ಟ್ಯಾಬ್ ಬ್ಯಾಟರಿ ಸತ್ತು ಕಾಲಂ ಖಾಲಿ ಉಳಿದರೆ ಅದು ಬರೀ ದುರದೃಷ್ಟ, ಜನ ಕಡಿಮೆ ಆಗ್ತಾರೆ ಅಷ್ಟೇ, ಲೆಕ್ಕ ವಾಲಲ್ಲ. ವಯಸ್ಸಾದವರ ಕಾಲಂ ಹೆಚ್ಚು ಖಾಲಿ ಇದ್ದು, ವಯಸ್ಸು ನಮಗೆ ಗೊತ್ತಿದ್ದರೆ ಅದರ ಸಹಾಯದಿಂದ ಸರಿಪಡಿಸಬಹುದು. ಮೂರನೆಯದು ಕಠಿಣ: ಕುಡಿದದ್ದಕ್ಕೇ ಕುಡಿತದ ಕಾಲಂ ಖಾಲಿ. ಮುಚ್ಚಿಟ್ಟ ವಿಷಯವೇ ಮುಚ್ಚಿಡೋಕೆ ಕಾರಣ. ಇದಕ್ಕೆ ಯಾವ ಸಾಫ್ಟ್‌ವೇರೂ ತಾನಾಗಿ ಪರಿಹಾರ ಕೊಡಲ್ಲ. ನಮ್ಮ ಮನೆಯಲ್ಲಂತೂ ಅದು ಖಾಲಿಯೂ ಅಲ್ಲ, 'ಇಲ್ಲ' ಅಂತ ತುಂಬಿಕೊಂಡು ಕೂತಿದೆ.

ಹಾಗಂತ ಅಧ್ಯಯನ ಕಸದ ಬುಟ್ಟಿಗೆ ಅಂತ ಹೇಳ್ತಿಲ್ಲ. ಇಲ್ಲೇ ಸ್ವಲ್ಪ ತಾಳ್ಮೆ ಬೇಕು. ತಪ್ಪು ಯಾವ ದಿಕ್ಕಿಗೆ ತಳ್ಳುತ್ತೆ ಅಂತ ಕೇಳಬೇಕು. ಸತ್ತವರ ಮನೆಯವರು ಕುಡಿತ ಮುಚ್ಚಿಟ್ಟಿದ್ದರೆ ನಿಜವಾದ ಸಂಖ್ಯೆ 5.29ಕ್ಕಿಂತ ದೊಡ್ಡದೇ ಇರುತ್ತೆ, ಚಿಕ್ಕದಲ್ಲ. ಆ ತೀರ್ಮಾನ ಗಟ್ಟಿಯಾಗುತ್ತೆ. ಲಸಿಕೆಗೆ ಬನ್ನಿ. 'ಇಂಜೆಕ್ಷನ್‌ನಿಂದಲೇ ಹೋದ' ಅಂತ ನಂಬಿರೋ ಮನೆಯವರು ಲಸಿಕೆ ಹಾಕಿಸಿದ್ದನ್ನು ಮರೆಯಲ್ಲ, ಒತ್ತಿ ಹೇಳ್ತಾರೆ. ಅದರಿಂದ ಲಸಿಕೆ ಇರೋದಕ್ಕಿಂತ ಕೆಟ್ಟದ್ದಾಗಿ ಕಾಣಬೇಕಿತ್ತು, ಆದರೂ ರಕ್ಷಣೆ ಕೊಡುವಂತೆ ಕಂಡಿದೆ. ಇದು ಅಧ್ಯಯನದ ಪರವಾಗಿರೋ ಮಾತು. ವಿರುದ್ಧ ದಿಕ್ಕಿನದ್ದೂ ಇದೆ. ಕೋವಿನ್‌ನಲ್ಲಿ ಒಂದು ಮೊಬೈಲ್ ನಂಬರಿಗೆ ಮೊದಲು ನಾಲ್ವರು, ಆಮೇಲೆ ಆರು ಜನ ನೋಂದಾಯಿಸಬಹುದಿತ್ತು. ನಮ್ಮ ಚಿಕ್ಕಪ್ಪನದು ಯಾರ ನಂಬರಿನಲ್ಲಿತ್ತೋ, ಸರ್ಟಿಫಿಕೇಟ್ ಇವತ್ತಿನವರೆಗೂ ಸಿಕ್ಕಿಲ್ಲ. ಮನೆ ಯಜಮಾನ ಸತ್ತ ಮೇಲೆ ಅವನ ಸರ್ಟಿಫಿಕೇಟ್ ಹುಡುಕೋದು ಬದುಕಿರೋನು ತನ್ನ ಫೋನ್ ತೆಗೆದು ತೋರಿಸಿದಷ್ಟು ಸುಲಭ ಅಲ್ಲ. ಒಂದು ಅಧ್ಯಯನದಲ್ಲಿ ದಾಖಲೆ ಸಿಗದ ಸತ್ತವರನ್ನು 'ಲಸಿಕೆ ಇಲ್ಲ' ಅಂತ ಎಣಿಸಿಬಿಟ್ಟರೆ ಲಸಿಕೆ ಸುಮ್ಮಸುಮ್ಮನೆ ರಕ್ಷಕ ಆಗಿ ಕಾಣುತ್ತೆ. ಜೊತೆಗೆ, ಸಾಲಿನಲ್ಲಿ ನಿಂತು ಹಾಕಿಸಿಕೊಂಡು ಬರೋ ತ್ರಾಣ ಇದ್ದವರೇ ಲಸಿಕೆ ಪಡೆದದ್ದು ಅನ್ನೋ ಹಳೇ ತೊಡಕು ಬೇರೆ.

ಆ 0.28ರಿಂದ 0.91 ಅನ್ನೋ ಅಂತರದ ಬಗ್ಗೆಯೂ ಒಂದು ಮಾತು. ಇಂಥ ಅಂತರ ಹೇಳೋದು 'ಬೇರೆ 729 ಜನ ಸಿಕ್ಕಿದ್ದರೆ ಉತ್ತರ ಎಷ್ಟು ಬದಲಾಗುತ್ತಿತ್ತು' ಅನ್ನೋದನ್ನು. ಚಿಕ್ಕಮ್ಮ ಬಾಗಿಲ ಕಡೆ ನೋಡಿದ್ದು ಅದರಲ್ಲಿ ಸೇರಿಲ್ಲ.

ನನ್ನ ನಿಲುವು ಕೇಳಿದರೆ, ಲಸಿಕೆಯೇ ಹಾಸನದ ಸಾವಿಗೆ ಕಾರಣ ಅನ್ನೋದಕ್ಕೆ ಆಧಾರ ಇಲ್ಲ. ಮುಖ್ಯಮಂತ್ರಿಗಳ ಹೇಳಿಕೆ ಬೇಜವಾಬ್ದಾರಿಯದು, ಅದರಿಂದ ಎಷ್ಟು ಮನೆಯಲ್ಲಿ ಮಕ್ಕಳ ಮಾಮೂಲಿ ಚುಚ್ಚುಮದ್ದಿಗೂ ಅನುಮಾನ ಹುಟ್ಟಿರಬಹುದು ಅಂತ ಯೋಚಿಸಿದರೆ ಸಿಟ್ಟು ಬರುತ್ತೆ. ಆದರೆ ಕೇಂದ್ರದ ಉತ್ತರವೂ ತನ್ನ ಹತ್ತಿರ ಇರೋದಕ್ಕಿಂತ ಜಾಸ್ತಿ ಹೇಳಿತು. 'ಇಂಥ ಅಧ್ಯಯನದಲ್ಲಿ ಸಂಬಂಧ ಕಂಡುಬಂದಿಲ್ಲ' ಅನ್ನೋದು ಒಂದು ವಾಕ್ಯ. 'ಸಂಬಂಧ ಇಲ್ಲ' ಅನ್ನೋದು ಇನ್ನೊಂದು. ಮೊದಲನೆಯದನ್ನು ಹೇಳಿ, ಖಾಲಿ ಕಾಲಂಗಳ ಪಟ್ಟಿಯನ್ನೂ ಪಕ್ಕದಲ್ಲಿಟ್ಟಿದ್ದರೆ ಜನ ಹೆಚ್ಚು ನಂಬುತ್ತಿದ್ದರು ಅಂತ ನಾನಂದುಕೊಂಡಿದ್ದೇನೆ. ಜನರಿಗೆ ಅನಿಶ್ಚಿತತೆ ಅರ್ಥ ಆಗಲ್ಲ ಅಂತ ಅಧಿಕಾರಿಗಳು ಹೇಳ್ತಾರೆ. ಮಳೆ ನಂಬಿ ರಾಗಿ ಬಿತ್ತೋ ಜನಕ್ಕೆ ಅನಿಶ್ಚಿತತೆ ಅರ್ಥ ಆಗಲ್ವಾ?

ಹಾಸನದ ಪಟ್ಟಿಯನ್ನೇ ನೋಡಿ. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ. ಟಿವಿಯವರ ಲೆಕ್ಕದಲ್ಲಿ ಅವೂ ಹೃದಯಾಘಾತ ಆಗಿದ್ದವು. ನಮ್ಮಲ್ಲಿ ಸಾವಿನ ಕಾರಣದ ಕಾಲಂ ಖಾಲಿ ಬಿಟ್ಟರೆ ಅದು ಖಾಲಿ ಉಳಿಯಲ್ಲ, ಆ ವಾರದ ಸುದ್ದಿ ಬಂದು ಅದರಲ್ಲಿ ಕೂತ್ಕೊಳ್ಳುತ್ತೆ. ಒಂದು ವಾರ ಲಸಿಕೆ, ಇನ್ನೊಂದು ವಾರ ಜಿಮ್, ಮತ್ತೊಂದು ವಾರ ಗೋಬಿ ಮಂಚೂರಿ.

ಮತ್ತು ಈ ಕಾಲಂ ಎಷ್ಟು ಖಾಲಿ ಇದೆ ಗೊತ್ತಾ? 2020ರ ಅಧಿಕೃತ ವರದಿ ಪ್ರಕಾರ ದೇಶದಲ್ಲಿ ನೋಂದಣಿಯಾದ 81 ಲಕ್ಷ ಸಾವುಗಳಲ್ಲಿ ಕಾರಣವನ್ನು ವೈದ್ಯರು ಪ್ರಮಾಣೀಕರಿಸಿದ್ದು ಶೇ. 22.5 ಮಾತ್ರ. ಆ ಪ್ರಮಾಣೀಕರಿಸಿದ ಸಾವುಗಳಲ್ಲಿ ಹೃದಯ ಮತ್ತು ರಕ್ತಪರಿಚಲನೆಯ ಕಾಯಿಲೆಗಳ ಪಾಲು ಶೇ. 32.1. ಮೂರರಲ್ಲಿ ಒಂದು ಸಾವು ಹೃದಯದ್ದು ಅಂತ ಇದನ್ನು ಭಾಷಣಗಳಲ್ಲಿ ಉದ್ಧರಿಸ್ತಾರೆ. ಆದರೆ ಇದು ಡಾಕ್ಟರ್ ಕೈಗೆ ಸಿಕ್ಕವರ ಲೆಕ್ಕ. ಜಗಲಿ ಮೇಲೆ ಸತ್ತವರು ಉಳಿದ 77.5ರಲ್ಲಿದ್ದಾರೆ.

ಹಾಸನದ ನಂತರ ರಾಜ್ಯ ಸರ್ಕಾರ ಮಾಡಿದ ಒಂದು ಘೋಷಣೆ ನನಗೆ ನಿಜಕ್ಕೂ ಮುಖ್ಯ ಅನಿಸಿತು. ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಆಸ್ಪತ್ರೆಯ ಹೊರಗೆ ಹೀಗೆ ಸತ್ತರೆ ಮರಣೋತ್ತರ ಪರೀಕ್ಷೆ ಆಗಬೇಕು ಅಂತ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳಿದರು. ಲಸಿಕೆ ಜಗಳದ ಗದ್ದಲದಲ್ಲಿ ಇದು ಒಳಪುಟದ ಸುದ್ದಿ ಆಯ್ತು. ನನ್ನ ಪ್ರಕಾರ ಅದೇ ಮುಖಪುಟದ್ದು. ಯಾಕಂದರೆ ಮೂರನೇ ಬಗೆಯ ಖಾಲಿಗೆ ಇರೋ ಪರಿಹಾರ ಗಣಿತದ್ದಲ್ಲ, ಹೋಗಿ ನೋಡೋದೇ. ರಕ್ತದಲ್ಲಿ ಮದ್ಯ ಇತ್ತಾ ಅಂತ ಚಿಕ್ಕಮ್ಮನನ್ನು ಅಜ್ಜಿ ಮುಂದೆ ಕೇಳಬೇಕಿಲ್ಲ. ಹೃದಯದ ಸ್ನಾಯು ಊದಿತ್ತಾ, ರಕ್ತನಾಳ ಕಟ್ಟಿತ್ತಾ ಅಂತ ಊಹಿಸಬೇಕಿಲ್ಲ.

ಆದರೆ ಕಡ್ಡಾಯ ಅಂತ ಆದೇಶ ಬರೆದ ತಕ್ಷಣ ಕಾಲಂ ತುಂಬಲ್ಲ. ಹಳ್ಳಿಯಿಂದ ಹೆಣ ಹೊತ್ತ ವಾಹನ ತಾಲ್ಲೂಕಿಗೆ ಬಂದು, ಪೊಲೀಸ್ ಕಾಗದ ಆಗಿ, ಡಾಕ್ಟರ್ ಸಿಕ್ಕಿ, ಕತ್ತಲಾಗೋದರೊಳಗೆ ಮಣ್ಣು ಮಾಡಬೇಕು ಅಂತ ಕಾಯ್ತಿರೋ ಮನೆಯವರು ಒಪ್ಪಬೇಕು. ಯಾರು ಒಪ್ತಾರೆ? ಅನುಮಾನ ಇದ್ದವರು, ಪರಿಹಾರದ ಹಣ ಬರೋದಿದ್ದವರು, ರಸ್ತೆ ಪಕ್ಕದ ಊರಿನವರು. ಯಾರು ಒಪ್ಪಲ್ಲ? ನಮ್ಮಂಥವರು. ಅಂದರೆ ಹೊಸ ದತ್ತಾಂಶದಲ್ಲೂ ಖಾಲಿ ಇರುತ್ತೆ, ಆ ಖಾಲಿಗೂ ಒಂದು ಆಕಾರ ಇರುತ್ತೆ. ಎಷ್ಟು ಹಠಾತ್ ಸಾವು ವರದಿಯಾಯ್ತು, ಎಷ್ಟಕ್ಕೆ ಪೋಸ್ಟ್‌ಮಾರ್ಟಂ ಆಯ್ತು, ಆಗದವು ಯಾವ ತಾಲ್ಲೂಕಿನವು, ಯಾವ ವಯಸ್ಸಿನವು ಅಂತ ಇಲಾಖೆ ತಿಂಗಳಿಗೊಮ್ಮೆ ಪ್ರಕಟಿಸಲಿ. ಮುಂದೆ ಯಾರಾದರೂ ಇದರಿಂದ ಲಸಿಕೆಯದೋ ಸ್ಟ್ಯಾಟಿನ್‌ದೋ ಪರಿಣಾಮ ಲೆಕ್ಕ ಹಾಕಿದರೆ, ಕುಡಿತದ ಬಗ್ಗೆ ಉತ್ತರ ಕೊಡದವರೆಲ್ಲ ಕುಡಿದಿದ್ದರು ಅಂತ ಇಟ್ಟುಕೊಂಡರೆ ಉತ್ತರ ಎಷ್ಟು ಬದಲಾಗುತ್ತೆ, ಯಾರೂ ಕುಡಿದಿರಲಿಲ್ಲ ಅಂದರೆ ಎಷ್ಟು ಅಂತ ಎರಡೂ ತುದಿ ತೋರಿಸಲಿ. ಎರಡೂ ತುದಿಯಲ್ಲಿ ತೀರ್ಮಾನ ನಿಂತರೆ ಮುಖ್ಯಮಂತ್ರಿಯೂ ಸುಮ್ಮನಾಗಬೇಕಾಗುತ್ತೆ, ವಾಟ್ಸಾಪ್ ಮಾವಂದಿರೂ. ಮತ್ತೆ ದಯವಿಟ್ಟು, ಆ ಟ್ಯಾಬ್‌ಗಳಲ್ಲಿ 'ಗೊತ್ತಿಲ್ಲ' ಅಂತ ಮೂರನೇ ಬಟನ್ ಇಡಿ. ಇದಕ್ಕೆ ಬಜೆಟ್ ಬೇಕಿಲ್ಲ.

ಈ ಅಂಕಣ ಬರೆಯೋ ಮೊದಲು ಊರಿಗೆ ಫೋನ್ ಮಾಡಿದ್ದೆ. ಅವತ್ತಿನ ಸರ್ವೆಯವರ ನಂಬರ್ ಇದೆಯಾ, ಆ ಕುಡಿತದ ವಿಷಯ ಸರಿ ಮಾಡಿಸಬಹುದಾ ಅಂತ ಚಿಕ್ಕಮ್ಮನನ್ನು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ ಅಂದರು, 'ಬೇಡ ಕಣೋ. ಅತ್ತೆ ಇನ್ನೂ ಇದ್ದಾರೆ.'